ಗುಮ್ಮಟದಾಗ ಗದ್ದಲ

ನಮ್ಮೂರು ಮುಳವಾಡದ ಮನುಷ್ಯ ಗೋಳಗುಮ್ಮಟ ನೋಡಬೇಕಾದರೆ ಮೊದಲು ಬೆಂಗಳೂರಿನಿಂದ ಒಬ್ಬ ಅಳಿಯ ಬರಬೇಕು. ಪುಣೆಯ ಬೀಗರಾದರೂ ನಡೆಯುತ್ತದೆ. ಸ್ವಂತ ಬುದ್ಧಿಯಿಂದ ಎದ್ದು ಹೋಗಿ ಗುಮ್ಮಟ ನೋಡಿ ಬಂದವರು ನಮ್ಮ ಕಡೆ ಯಾರೂ ಇದ್ದಂತಿಲ್ಲ. ಹಾಗಂತ ವಿಜಯಪುರ ದೂರವೇನಲ್ಲ, ಮೂವತ್ತು ಕಿಲೋಮೀಟರ್ ಆಸುಪಾಸು. ತೊಗರಿ ಹೇರಿಕೊಂಡು ಎಪಿಎಂಸಿಗೆ ಹೋಗುತ್ತೇವೆ, ಕೋರ್ಟಿನ ತಾರೀಖಿಗೆ ಹೋಗುತ್ತೇವೆ, ದವಾಖಾನೆಗೆ ಹೋಗುತ್ತೇವೆ, ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಗಂತೂ ತಪ್ಪದೆ ಹೋಗುತ್ತೇವೆ. ಅಷ್ಟೆಲ್ಲ ಸಲ ದೂರದಿಂದ ಆ ಕರಿ ಗುಮ್ಮಟ ಕಾಣುತ್ತದೆ. ಕಂಡಾಗೆಲ್ಲ ಒಂದೇ ಮಾತು: "ಅದೇನ್ ಓಡಿ ಹೋಗ್ತೈತೇನ್? ನೋಡಿದ್ರಾತು."

ಮಾತು ಸುಳ್ಳಲ್ಲ. ಬಿಜಾಪುರದ ಸುಲ್ತಾನ ಮೊಹಮ್ಮದ್ ಆದಿಲ್ ಶಾಹ 1656ರಲ್ಲಿ ತೀರಿಹೋಗಿ ಅಲ್ಲಿ ಮಲಗಿದ ಮೇಲೆ ಗುಮ್ಮಟ ಎಲ್ಲಿಗೂ ಓಡಿಲ್ಲ. ಔರಂಗಜೇಬ 1686ರಲ್ಲಿ ಊರು ಗೆದ್ದಾಗಲೂ ಓಡಲಿಲ್ಲ, 2014ರ ನವೆಂಬರ್ 1ಕ್ಕೆ ಬಿಜಾಪುರ ಹೋಗಿ ವಿಜಯಪುರ ಬಂದಾಗಲೂ ಕದಲಲಿಲ್ಲ. ಗುಮ್ಮಟದ ಹೆಸರು ಹೊತ್ತ ಎಕ್ಸ್‌ಪ್ರೆಸ್ ರೈಲು ಮಾತ್ರ ನಮ್ಮೂರಿನ ಹಳಿ ಮೇಲೆಯೇ ಮೈಸೂರಿನವರೆಗೆ ಓಡುತ್ತದೆ. ನಾವು ಅದರ ಸಪ್ಪಳ ಕೇಳಿಯೇ ಗುಮ್ಮಟ ನೋಡಿದಷ್ಟು ತೃಪ್ತರು.

ಅಳಿಯ ಬಂದ ದಿನ ಎಲ್ಲ ಬದಲಾಗುತ್ತದೆ. ಕೈಕಾಲು ತೊಳೆದು ಚಾ ಕುಡಿಯುವಷ್ಟರಲ್ಲಿ "ಮಾಮಾ, ಗೋಲ್ ಗುಂಬಜ್ ಹೋಗೋಣ್ವಾ?" ಎನ್ನುತ್ತಾನೆ. ಮನೆಮಂದಿಗೆಲ್ಲ ಒಮ್ಮೆಲೇ ಇತಿಹಾಸದ ಮೇಲೆ ಪ್ರೀತಿ ಉಕ್ಕುತ್ತದೆ. ಅಜ್ಜಿಯಿಂದ ಹಿಡಿದು ಹಾಲುಗಲ್ಲದ ಕೂಸಿನವರೆಗೆ ಎಲ್ಲರೂ ತಯಾರು. ಆಮೇಲೆ ಹುಟ್ಟುವುದು ಹೇಗೆ ಹೋಗುವುದೆಂಬ ಪ್ರಶ್ನೆ.

2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ. ನಮ್ಮ ಕಾಕಾ ಲೆಕ್ಕದಲ್ಲಿ ಭಾರೀ ಚುರುಕು. "ನೋಡ್ರಿ, ಖರ್ಚ್ ಬರೂದೇ ಗಂಡಸರದು. ಗಂಡಸರು ಮನ್ಯಾಗ ಉಳದ್ರ ಟೂರ್ ಪುಕ್ಕಟೆ" ಅಂದ. ಒಳಗಿನಿಂದ ಕಾಕಿ ಕೂಗಿದಳು: "ಬರೋಬ್ಬರಿ ಮಾತು! ನೀವ್ ಇರ್ರಿ, ಎಮ್ಮಿ ಹಿಂಡ್ರಿ. ನಾವ್ ಹೋಗಿ ಬರ್ತೀವಿ." ಕಾಕಾನ ಅರ್ಥಶಾಸ್ತ್ರ ಅಲ್ಲಿಗೇ ಮುಗಿದು ಕ್ರೂಸರ್ ಬಾಡಿಗೆಗೆ ಬಂತು. ಕ್ರೂಸರಿನಲ್ಲಿ ಇಂತಿಷ್ಟೇ ಸೀಟು ಅಂತ ಆರ್‌ಸಿ ಪುಸ್ತಕ ಹೇಳುತ್ತದೆ. ನಮ್ಮ ಜಿಲ್ಲೆಯಲ್ಲಿ ಬಾಗಿಲು ಹಾಕಲು ಬರುವವರೆಗೂ ಸೀಟು ಖಾಲಿಯೇ.

ಬುತ್ತಿಯ ವಿಚಾರದಲ್ಲಿ ಮಾತ್ರ ನಾವು ರಾಜಿಯಾಗುವವರಲ್ಲ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮಾದಲಿ. ಮೊಸರೋ, ಕೊಲ್ಹಾರದ ಗಡಿಗೆ ಮೊಸರೇ ಆಗಬೇಕು. ವಿಜಯಪುರ ಉತ್ತರಕ್ಕೆ, ಕೊಲ್ಹಾರ ದಕ್ಷಿಣಕ್ಕೆ. ಗುಮ್ಮಟ ನೋಡಲು ಹೊರಟ ಮನೆಯ ಒಬ್ಬ ಹುಡುಗ ನಸುಕಿನಲ್ಲಿ ಬೈಕ್ ಹತ್ತಿ ಗುಮ್ಮಟಕ್ಕೆ ಬೆನ್ನು ಮಾಡಿ ಹೋಗುತ್ತಾನೆ. ಹೊಟ್ಟೆಯ ಭೂಗೋಳವೇ ಬೇರೆ, ಇತಿಹಾಸದ ಭೂಗೋಳವೇ ಬೇರೆ.

ಗೇಟಿನಲ್ಲಿ ಭಾರತೀಯರಿಗೆ 25 ರೂಪಾಯಿ, ವಿದೇಶಿಯರಿಗೆ 300. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಈ ಕೊನೆಯ ನಿಯಮದಿಂದ ಟಿಕೆಟ್ ಕಿಟಕಿಯ ಮುಂದೆ ನಡೆಯುವ ಪವಾಡವನ್ನು ಯಾವ ಶಾಸನವೂ ದಾಖಲಿಸಿಲ್ಲ. ಮೀಸೆ ಚಿಗುರಿದ, ಪಿಯುಸಿ ಎರಡನೇ ವರ್ಷದ ಹುಡುಗ ಅಲ್ಲಿ ಒಂಬತ್ತನೇ ಕ್ಲಾಸಿಗೆ ಇಳಿಯುತ್ತಾನೆ. "ಎತ್ರಾ ಅಷ್ಟ ಬೆಳದಾನ್ರಿ ಸಾಹೇಬ್ರ, ವಯಸ್ಸಿಲ್ಲ" ಎಂದು ಸೋದರಮಾವ ಸಾಕ್ಷಿ ಹೇಳುತ್ತಾನೆ. ಚಪ್ಪಲಿ ಸಾಲಿನ ಹತ್ತಿರ 50 ರೂಪಾಯಿಯ ಐಸ್‌ಕ್ರೀಂ ಕೊಡಿಸುವವನೂ ಇದೇ ಸೋದರಮಾವ. ಚೌಕಾಸಿ ಇರುವುದು ಇತಿಹಾಸದ ಹತ್ತಿರ ಮಾತ್ರ.

ಒಳಗೆ ಹೋಗುತ್ತಲೇ ಎದುರಿಗೆ ಸಿಗುವುದು ನಗಾರಖಾನೆ. ಅದರಲ್ಲಿ 1892ರಷ್ಟು ಹಿಂದೆಯೇ ಆರಂಭವಾದ ವಸ್ತುಸಂಗ್ರಹಾಲಯವಿದೆ. ನಮ್ಮ ತಂಡ ಅದನ್ನು ಗುಮ್ಮಟದ ಫೋಟೊಕ್ಕೆ ಅಡ್ಡ ಬಂದ ಕಟ್ಟಡವೆಂದು ತಿಳಿದು ಸುತ್ತು ಹಾಕಿ ಮುಂದೆ ಹೋಯಿತು. ಅಳಿಯ ನೆಲದ ಮೇಲೆ ಅಂಗಾತ ಮಲಗಿ, ಗುಮ್ಮಟವನ್ನು ಹೆಂಡತಿಯ ಅಂಗೈ ಮೇಲೆ ಕೂರಿಸುವ ಫೋಟೊ ತೆಗೆದ. ಮೂವತ್ತು ವರ್ಷ ಜನ ಬೆವರು ಸುರಿಸಿ ಕಟ್ಟಿದ್ದು ಆಕೆಯ ಅಂಗೈಯಲ್ಲಿ ಲಾಡುವಿನ ಹಾಗೆ ಕೂತಿತು.

ಅಷ್ಟರಲ್ಲಿ ಪಕ್ಕದ ಗುಂಪಿನ ಗೈಡ್ ದನಿ ಎತ್ತಿದ: "ಜಗತ್ತಿನಾಗ ಎರಡನೇ ದೊಡ್ಡ ಗುಮ್ಮಟ ರೀ ಇದು!" ದುಡ್ಡು ಕೊಡದ ನಾವೂ ಕಿವಿ ನಿಗುರಿಸಿ ತಲೆಯಾಡಿಸಿದೆವು. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೂ ಇದನ್ನೇ. ಅಳತೆಪಟ್ಟಿಗೆ ಮಾತ್ರ ಇದು ಗೊತ್ತಿಲ್ಲ. ನಮ್ಮ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ರೋಮಿನ ಪ್ಯಾಂಥಿಯನ್ ಇದಕ್ಕಿಂತ ಸುಮಾರು ಒಂದೂವರೆ ಸಾವಿರ ವರ್ಷ ಮೊದಲೇ 43 ಮೀಟರ್ ಮುಟ್ಟಿತ್ತು. ಫ್ಲಾರೆನ್ಸಿನ ಚರ್ಚಿನ ಗುಮ್ಮಟ 1436ರಲ್ಲೇ ಮುಗಿದಿತ್ತು, ಅದೂ ನಮ್ಮದಕ್ಕಿಂತ ಅಗಲ. ಸೇಂಟ್ ಪೀಟರ್ಸ್ ಕೂಡ ದೊಡ್ಡದು. ಅಂದರೆ ಕಟ್ಟಿ ಮುಗಿದ ದಿನವೇ ನಾವು ಎರಡನೆಯವರಾಗಿರಲಿಲ್ಲ. ಹೋಗಲಿ, ಸುಳ್ಳೇ ಹೇಳುವುದಾದರೆ ಒಂದನೇದು ಅನ್ನಬಾರದೆ? ಇಲ್ಲ. ಉತ್ತರ ಕರ್ನಾಟಕದವರು ಸುಳ್ಳಿನಲ್ಲೂ ಎರಡನೇ ನಂಬರಿಗೆ ಸಮಾಧಾನಪಟ್ಟುಕೊಳ್ಳುವ ಜನ.

ನಂಬರಿನ ಈ ಗುಂಗಿನಲ್ಲಿ, ನಿಜಕ್ಕೂ ಕೊಚ್ಚಿಕೊಳ್ಳಬೇಕಾದದ್ದು ತಲೆಯ ಮೇಲೇ ಇದ್ದರೂ ಯಾರೂ ಕತ್ತೆತ್ತುವುದಿಲ್ಲ. ಒಳಗಿನ ಚೌಕ ಒಂದೊಂದು ಬದಿಗೆ 135 ಅಡಿ, ಒಟ್ಟು 18,225 ಚದರ ಅಡಿ. ನಡುವೆ ಒಂದೂ ಕಂಬವಿಲ್ಲ. ಪ್ಯಾಂಥಿಯನ್ನಿನ ನೆಲವೂ ಇಷ್ಟು ವಿಸ್ತಾರವಿಲ್ಲ. ಚೌಕದ ಗೋಡೆಗಳ ಮೇಲೆ ದುಂಡನೆಯ ಗುಮ್ಮಟ ಕೂರಿಸುವುದು ಹೇಗೆ? ಆ ಕಾಲದ ಮೇಸ್ತ್ರಿಗಳು ಎಂಟು ಕಮಾನುಗಳನ್ನು ಒಂದರೊಳಗೊಂದು ಹೆಣೆದರು. ಎರಡು ಚೌಕಗಳನ್ನು ಓರೆಯಾಗಿ ಒಂದರ ಮೇಲೊಂದು ಇಟ್ಟ ಹಾಗೆ. ಚೌಕ ಎಂಟು ಮೂಲೆಯಾಯಿತು, ಎಂಟು ಮೂಲೆ ವೃತ್ತವಾಯಿತು. ಗುಮ್ಮಟದ ಭಾರ ಗೋಡೆಗಳನ್ನು ಹೊರಗೆ ನೂಕುತ್ತದೆ. ಕಮಾನುಗಳಿಂದ ಒಳಕ್ಕೆ ಚಾಚಿದ ಕಟ್ಟಡದ ತೂಕ ಅದನ್ನು ಒಳಕ್ಕೆ ಎಳೆದು ಸಮ ಮಾಡುತ್ತದೆ. ವಾಸ್ತುಚರಿತ್ರೆ ಬರೆದ ಜೇಮ್ಸ್ ಫರ್ಗುಸನ್ ಹತ್ತೊಂಬತ್ತನೇ ಶತಮಾನದಲ್ಲೇ ಈ ಜಾಣತನವನ್ನು ಬೆರಗಿನಿಂದ ಹೊಗಳಿ ಹೋದ. ಇಷ್ಟನ್ನು ಅಳಿಯನಿಗೆ ವಿವರಿಸಿದರೆ ಅವನು ಮೊಬೈಲಿನಲ್ಲಿ ಭಾಗಿಸಿ ನೋಡಿದ: "ಹದಿನೈದು ಥರ್ಟಿ-ಫಾರ್ಟಿ ಸೈಟು ಬರತ್ತೆ ಮಾಮಾ! ಬೆಂಗಳೂರಲ್ಲಾದ್ರೆ ಏನು ರೇಟು ಗೊತ್ತಾ?" ಸುಲ್ತಾನ ಹುಟ್ಟಿದ ಕಾಲ ಸರಿಯಿರಲಿಲ್ಲ ಅನ್ನುವುದೇ ಅವನ ಮುಖ್ಯ ದುಃಖ.

ನಡುವಿನ ಕಟ್ಟೆಯ ಮೇಲೆ ಸಮಾಧಿಗಳಿವೆ. ಮೊಹಮ್ಮದ್ ಆದಿಲ್ ಶಾಹ, ಅವನ ಇಬ್ಬರು ಬೇಗಂಗಳು, ರಂಭಾ ಎಂಬ ನರ್ತಕಿ, ಮಗಳು, ಮೊಮ್ಮಗ. ಕಣ್ಣಿಗೆ ಕಾಣುವುದು ಗುರುತಿನ ಸಮಾಧಿ, ನಿಜವಾದ ಗೋರಿಗಳು ಕೆಳಗಿನ ನೆಲಮನೆಯಲ್ಲಿ. ನಮ್ಮೂರಿನಲ್ಲಿ ಮಣ್ಣಿಗೆ ಹೋದರೆ ಮನುಷ್ಯ ದನಿ ತಗ್ಗಿಸುತ್ತಾನೆ, ತಲೆಯ ಟೊಪ್ಪಿಗೆ ತೆಗೆಯುತ್ತಾನೆ. ಇಲ್ಲಿ ಮಣ್ಣಾದವನು ಬಾದಶಹ. ಮುನ್ನೂರೈವತ್ತಕ್ಕೂ ಹೆಚ್ಚು ವರ್ಷ ಹಳೆಯ ಸಾವು ಎಂಬ ಕಾರಣಕ್ಕೆ ಅವನ ತಲೆಯ ಮೇಲೆ ಸಿಳ್ಳೆ ಹೊಡೆಯುವುದಕ್ಕೆ ರಿಯಾಯಿತಿ. ರಂಭಾಳ ಕಥೆ ಮಾತ್ರ ಎಲ್ಲರಿಗೂ ಬೇಕು. ಆಕೆ ಹೇಗೆ ಸತ್ತಳೆಂದು ಗೈಡ್ ಒಂದೊಂದು ಗುಂಪಿಗೆ ಒಂದೊಂದು ಥರ ಹೇಳುತ್ತಾನೆ, ಕೊಟ್ಟ ದುಡ್ಡಿಗೆ ತಕ್ಕಂತೆ.

ಮೂಲೆಯ ಏಳು ಅಂತಸ್ತಿನ ಗೋಪುರದೊಳಗಿನ ಮೆಟ್ಟಿಲು ಇಕ್ಕಟ್ಟು, ಕತ್ತಲು. ಹತ್ತುವವರೂ ಇಳಿಯುವವರೂ ಒಂದೇ ದಾರಿಯಲ್ಲಿ ಎದುರಾದರೆ ಯಾರು ಹಿಂದೆ ಸರಿಯಬೇಕೆಂದು ಇನ್ನೂ ನಿರ್ಣಯವಾಗಿಲ್ಲ. ಮೂರನೇ ಅಂತಸ್ತಿನಲ್ಲಿ ಕಾಕಾ ಕುಳಿತುಬಿಟ್ಟ. "ನೀವ್ ಹೋಗ್ರಪಾ, ನಾ ಇಲ್ಲೇ ಗಾಳಿ ತಗೋತೀನಿ" ಅಂದ. ಹಾಗೆ ಕೂತವನ ಬೆನ್ನ ಹಿಂದಿನ ಗೋಡೆಯನ್ನು ಹತ್ತಿರದಿಂದ ನೋಡಬೇಕು. ಗಾರೆಯ ಮೇಲೆ ಬೀಗದ ಕೈಯಿಂದ ಕೆತ್ತಿದ ಹೃದಯ, ಬಾಣ, ಎರಡು ಹೆಸರು, ಇಸವಿ. ಅದರ ಮೇಲೆ ಇನ್ನೊಂದು ಜೋಡಿ. ಅದರ ಕೆಳಗೆ ಮೊದಲಿನ ಹುಡುಗಿಯದೇ ಹೆಸರು, ಹುಡುಗ ಮಾತ್ರ ಬೇರೆ. ಪುರಾತತ್ವದವರು ಬಳಿದ ಸುಣ್ಣದ ಮೇಲೂ ಮತ್ತೆ ಕೆತ್ತನೆ. 1958ರ ಪ್ರಾಚೀನ ಸ್ಮಾರಕ ಕಾಯಿದೆಗೆ 2010ರಲ್ಲಿ ತಿದ್ದುಪಡಿ ಮಾಡಿ, ಹೀಗೆ ಸ್ಮಾರಕ ಕೆಡಿಸಿದವರಿಗೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಎಂದು ಬರೆದಿದ್ದಾರೆ. ಕೆತ್ತಿದ ಪ್ರೀತಿಗಳಲ್ಲಿ ಎಷ್ಟು ಎರಡು ವರ್ಷ ಬಾಳಿದವೋ ಕೇಳಬೇಡಿ. ವಿಳಾಸ, ತಾರೀಖು ಸಮೇತ ಅಪರಾಧಿಯೇ ಗೋಡೆ ಮೇಲೆ ಪಂಚನಾಮೆ ಬರೆದಿಟ್ಟು ಹೋದರೂ ಕಾಯಿದೆಗೆ ಕಣ್ಣು ಕಾಣಿಸುವುದಿಲ್ಲ.

ಮೇಲೆ, ಗುಮ್ಮಟದ ಬುಡದಲ್ಲಿ ಒಳಗಿನಿಂದ ಸುತ್ತಲೂ ಹನ್ನೊಂದು ಅಡಿ ಅಗಲದ ಗ್ಯಾಲರಿ. ಊರಿಗೆ ಊರೇ ಬರುವುದು ಇದಕ್ಕಾಗಿ. ಗೋಡೆಗೆ ಕಿವಿ ಹಚ್ಚಿ ಕೂತರೆ, ಎದುರು ಬದಿಯಲ್ಲಿ 38 ಮೀಟರ್ ಆಚೆ ಯಾರೋ ಕಾಗದ ಹರಿದದ್ದು, ಕಡ್ಡಿ ಗೀರಿದ್ದು ಕೂಡ ಕೇಳಿಸುತ್ತದೆ. ದನಿ ಬಾಗಿದ ಗೋಡೆಗುಂಟ ಜಾರಿಕೊಂಡು ಬರುತ್ತದೆ. ದೊಡ್ಡ ದನಿಯಾದರೆ ಏಳು ಸಲ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಮಾರ್ದನಿ. ಒಂದೇ ಜಾಗಕ್ಕೆ ಎರಡು ಗುಣ: ಸಣ್ಣ ಮಾತನ್ನು ದೂರ ಮುಟ್ಟಿಸುವುದು, ದೊಡ್ಡ ಮಾತನ್ನು ಕಲಸುಮೇಲೋಗರ ಮಾಡುವುದು. ಎರಡರಲ್ಲಿ ನಮ್ಮ ಜನ ಯಾವುದನ್ನು ಆರಿಸಿಕೊಂಡಿದ್ದಾರೆಂದು ಮೆಟ್ಟಿಲ ಬುಡದಲ್ಲೇ ಕೇಳಿಸುತ್ತಿರುತ್ತದೆ.

ಕಾಕಿ ಈ ಕಡೆ ಕೂತಳು. ಮದುವೆಯಾಗಿ ವರ್ಷವಾದ ಮಗಳನ್ನು ಆ ಕಡೆ ಕಳಿಸಿದಳು. ಮನೆಯಲ್ಲಿ ಅಳಿಯನ ಎದುರು ಕೇಳಲಾಗದ್ದನ್ನು ಕೇಳಲು ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಯಾವ ಮೊಬೈಲ್ ಕಂಪನಿಯೂ ಮಾಡಿಲ್ಲ. ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ ಕೇಳಿದಳು: "ನಿಮ್ಮತ್ತಿ ಹೆಂಗ್ ನೋಡ್ಕೋತಾಳವಾ?" ಆ ಕಡೆ ಮಗಳ ತುಟಿ ಅಲುಗಿತು. ಅದೇ ಹೊತ್ತಿಗೆ ಕಾಲೇಜು ಹುಡುಗರ ದಂಡೊಂದು ಬಾಗಿಲಲ್ಲಿ ನುಗ್ಗಿ "ಆರ್‌ಸೀಬೀ!" ಎಂದು ಅರಚಿತು. ಏಳು ಆರ್‌ಸಿಬಿ ಬಂತು. ಅದು ಆರುವ ಮುನ್ನ "ಈ ಸಲ ಕಪ್ ನಮ್ದೇ" ಅಂತ ಇನ್ನೊಬ್ಬ. 2025ರಲ್ಲಿ ಕಪ್ಪು ಬಂದೇಬಿಟ್ಟಿತು, ಕೂಗು ಮಾತ್ರ ಇನ್ನೂ ಸುದ್ದಿ ಕೇಳಿಲ್ಲ. ಆಮೇಲೆ ಸಿಳ್ಳೆ, ಚಪ್ಪಾಳೆ, ಹೆದರಿದ ಕೂಸುಗಳ ಅಳು, ಆ ಅಳುವಿನ ಏಳು ಪ್ರತಿ. "ಸುಮ್ನಿರ್ರಿ!" ಎಂದು ಕಾವಲುಗಾರ ಊದಿದ ಸೀಟಿಗೂ ಏಳು ಸೀಟಿ. ಅತ್ತೆಯ ಮನೆಯ ಸುದ್ದಿ 38 ಮೀಟರ್ ದಾಟಲಿಲ್ಲ. ಗದ್ದಲ ತಾಳಲಾರದೆ ಮಗಳು ಹೊರಗಿನ ಮಾಳಿಗೆಗೆ ಹೋಗಿ ಅವ್ವನಿಗೆ ಫೋನ್ ಹಚ್ಚಿದಳು.

ಇದು ಹುಡುಗರ ತಪ್ಪು ಎಂದು ಬೈದು ಮುಗಿಸಿದರೆ ಅನ್ಯಾಯ. ಅವರು ಮನೆಯಲ್ಲಿ ಟಿವಿ ನೋಡಿ ಬೆಳೆದವರು. ರಾತ್ರಿ ಒಂಬತ್ತಕ್ಕೆ ಎಂಟು ಕಿಟಕಿಗಳಲ್ಲಿ ಎಂಟು ಮುಖ ಒಟ್ಟಿಗೆ ಕೂಗುವುದನ್ನೇ ಚರ್ಚೆ ಎಂದು ತಿಳಿದವರು. ತಮ್ಮದೇ ಕೂಗು ಏಳು ಸಲ ತಿರುಗಿ ಬಂದರೆ ಏಳು ಮಂದಿ ಒಪ್ಪಿದರೆಂದು ನಂಬುವ ಕಾಲ ಇದು. ಅಳಿಯನ ವಾಟ್ಸ್‌ಆ್ಯಪಿನಲ್ಲೂ ಇದೇ ಕಥೆ. ಗುಮ್ಮಟ ಯಾರದು, ಮೊದಲು ಅಲ್ಲಿ ಏನಿತ್ತು, ಯಾರು ಯಾರಿಗೆ ಏನು ಮಾಡಿದರು ಎಂದು ಒಂದೇ ಸಂದೇಶ ಏಳು ಗುಂಪಿನಿಂದ ಬಂದಿತ್ತು. ಏಳು ಸಲ ಬಂದದ್ದರಿಂದ ಅದು ನಿಜವಾಯಿತು. ಇದೇ ಮೊಹಮ್ಮದನ ಅಪ್ಪ ಎರಡನೇ ಇಬ್ರಾಹಿಂ ಆದಿಲ್ ಶಾಹ ಸಂಗೀತದ ಹುಚ್ಚ, ತನ್ನ 'ಕಿತಾಬ್-ಎ-ನೌರಸ್'ನಲ್ಲಿ ಸರಸ್ವತಿಯನ್ನು ನೆನೆದವನು. ಇದು ಯಾವ ಗುಂಪಿನಿಂದಲೂ ಒಂದು ಸಲವೂ ಬಂದಿರಲಿಲ್ಲ. ಮೆಲ್ಲಗೆ ಹೇಳಿದ್ದಕ್ಕೆ ಫಾರ್ವರ್ಡ್ ಗುಂಡಿ ಇಲ್ಲ.

ಆ ಇಬ್ರಾಹಿಮನ ರೋಜಾ ಊರಿನ ಇನ್ನೊಂದು ತುದಿಗಿದೆ. ಕುಸುರಿ ಕೆಲಸದಲ್ಲಿ ಗುಮ್ಮಟವನ್ನು ಮೀರಿಸುವಂಥದ್ದು. ಅಲ್ಲಿ ಕೂಗಿದರೆ ತಿರುಗಿ ಕೂಗುವುದಿಲ್ಲ. ಹಾಗಾಗಿ ನಮ್ಮ ಕ್ರೂಸರ್ ಅತ್ತ ಹೋಗಲಿಲ್ಲ. ಬಾರಾಕಮಾನನ್ನು ಕಿಟಕಿಯಿಂದಲೇ ನೋಡಿ ಕಾಕಾ "ಇದು ಅರ್ಧಕ್ಕ ನಿಂತೈತಿ, ಬಿಲ್ ಆಗಿರಾಕಿಲ್ಲ" ಎಂದ. ಎರಡನೇ ಅಲಿ ಆದಿಲ್ ಶಾಹ 1672ರಲ್ಲಿ ಸತ್ತು, ಅವನ ಗೋರಿಯ ಕೆಲಸ ಅಲ್ಲಿಗೇ ನಿಂತದ್ದು ನಿಜ. ಆದರೆ ಅರ್ಧಕ್ಕೆ ನಿಂತ ಸರ್ಕಾರಿ ಕಾಮಗಾರಿ ನೋಡಲು ನಮ್ಮ ಜನ ಪ್ರವಾಸ ಹೋಗಬೇಕಾದ ಅಗತ್ಯವಿಲ್ಲ ಅನ್ನುವುದು ಇನ್ನೂ ನಿಜ.

ಹಿಂದಿನವರು ಭಾರೀ ರಸಿಕರು, ನಾವೇ ಕೆಟ್ಟವರು ಎಂದೂ ಕೊರಗಬೇಡಿ. ಬ್ರಿಟಿಷ್ ಸಾಹೇಬರು ಗುಮ್ಮಟದ ಆವರಣದ ಮಸೀದಿಯನ್ನೇ ಪ್ರವಾಸಿ ಬಂಗಲೆ ಮಾಡಿಕೊಂಡು ಹಾಸಿಗೆ ಹಾಸಿದ್ದರು. ಊರಿನ ಇನ್ನೊಂದು ಮಸೀದಿಯಲ್ಲಿ ಅಂಚೆ ಕಚೇರಿ ನಡೆಸಿದರು. 1549ರಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ಮಲಿಕ್-ಎ-ಮೈದಾನ್ ತೋಪನ್ನು 1854ರಲ್ಲಿ ಹಳೇ ಸಾಮಾನೆಂದು ಹರಾಜಿಗಿಟ್ಟರು. ಬಂದ ಮೇಲಿನ ಸವಾಲು 150 ರೂಪಾಯಿ. ಆ ಬೆಲೆಗೆ ಕೊಡಲು ಮನಸ್ಸು ಬಾರದೆ ಉಳಿಸಿಕೊಂಡರು. ನಾವು ಆ ತೋಪಿನ ಸಿಂಹದ ಬಾಯಿಗೆ ಕೂಸಿನ ತಲೆ ತುರುಕಿ ಫೋಟೊ ತೆಗೆಯಲು ನೋಡುತ್ತೇವೆ. ಸಾಹೇಬರಿಗೆ ಹೋಲಿಸಿದರೆ ನಾವು ಸುಧಾರಿಸಿದ್ದೇವೆ, ಮಾರುವ ಮಾತಂತೂ ಆಡಿಲ್ಲ.

ಇಷ್ಟಕ್ಕೂ ಮಾರ್ದನಿ ಕೇಳಲು ಮುಳವಾಡದವರು ಮೆಟ್ಟಿಲು ಹತ್ತಬೇಕೆ? ನಮ್ಮೂರಿನ ಹೆಸರು ಹೊತ್ತ ಏತ ನೀರಾವರಿ ಯೋಜನೆಯಿದೆ. ಆಲಮಟ್ಟಿ ಹಿನ್ನೀರನ್ನು ಮೇಲೆತ್ತಿ ಕಾಲುವೆಗಳಿಗೆ, ಕೆರೆಗಳಿಗೆ ಬಿಡುವ ಯೋಜನೆ. ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರಲ್ಲಿ ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಬಹುದೆಂದು ತೀರ್ಪು ಕೊಟ್ಟಿತು. ಆಮೇಲೆ ವ್ಯಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿ, ಅಧಿಸೂಚನೆ ಹೊರಬೀಳದೆ ಕೂತಿತು. ಆದರೆ ಆ ಸುಮಾರು ಐದು ಮೀಟರಿನ ಏರಿಕೆ ಚುನಾವಣೆಯಿಂದ ಚುನಾವಣೆಗೆ ಎಷ್ಟು ಸಲ ಮಾರ್ದನಿಸಿದೆ ಲೆಕ್ಕ ಹಾಕಿ. ಗುಮ್ಮಟ ಏಳಕ್ಕೆ ಸುಸ್ತಾಗಿ ಸುಮ್ಮನಾಗುತ್ತದೆ. ನಮ್ಮ ವೇದಿಕೆಗಳು ಆಗುವುದಿಲ್ಲ. ಎಲ್ಲ ಪಕ್ಷಗಳ ಬಾಯಲ್ಲೂ ಒಂದೇ ಕೂಗು, ಕೆಳಗೆ ನಿಂತ ರೈತನಿಗೆ ಕೇಳುವುದು ಬರೀ ಗುಂಯ್‌ಗುಟ್ಟುವಿಕೆ.

ಅದೇ ಮೊಹಮ್ಮದ್ ಆದಿಲ್ ಶಾಹನ ಕಾಲದಲ್ಲಿ, 1651ರಲ್ಲಿ, ಊರ ದಕ್ಷಿಣಕ್ಕೆ ಬೇಗಂ ತಲಾಬ್ ಕಟ್ಟಿದರು. ನೆಲದೊಳಗೆ ಮಣ್ಣಿನ ಕೊಳವೆ ಹೂತು, ನಡುನಡುವೆ ನೀರಿನ ಒತ್ತಡ ತಗ್ಗಿಸಲು ಗಂಜ್ ಎಂಬ ಗೋಪುರಗಳನ್ನು ನಿಲ್ಲಿಸಿ ಊರಿಗೆ ನೀರು ತಂದರು. ಕರೆಂಟಿಲ್ಲ, ಮೋಟಾರಿಲ್ಲ, ಶಂಕುಸ್ಥಾಪನೆಯ ಫಲಕವನ್ನು ಎರಡು ಸಲ ಉದ್ಘಾಟಿಸುವ ಪದ್ಧತಿಯೂ ಇರಲಿಲ್ಲ. ಆ ಗಂಜ್‌ಗಳಲ್ಲಿ ಕೆಲವು ಈಗಲೂ ಊರೊಳಗೆ ನಿಂತಿವೆ. ಅವನ್ನು ನೋಡಲು ಯಾರೂ ಅಳಿಯನನ್ನು ಕರೆದೊಯ್ಯುವುದಿಲ್ಲ. ಬಾದಶಹನ ಸಾವಿನ ಮನೆ ಪ್ರಸಿದ್ಧ, ಅವನು ಜನರಿಗೆ ಕುಡಿಸಿದ ನೀರು ಅನಾಮಧೇಯ.

ದಖ್ಖನ್ ಸುಲ್ತಾನರ ಸ್ಮಾರಕಗಳೆಂದು ಕಲಬುರಗಿ, ಬೀದರ, ಹೈದರಾಬಾದಿನ ಜೊತೆ ವಿಜಯಪುರದ ಹೆಸರೂ 2014ರಿಂದ ಯುನೆಸ್ಕೊದ ತಾತ್ಕಾಲಿಕ ಪಟ್ಟಿಯಲ್ಲಿದೆ. ತಾತ್ಕಾಲಿಕ ಎಂಬುದು ಶಾಶ್ವತವಾಗುವ ಮುನ್ನ ನಾವಾದರೂ ಒಂದು ಕೆಲಸ ಮಾಡಬಹುದು. ಮುಂದಿನ ಸಲ ಗುಮ್ಮಟಕ್ಕೆ ಹೋಗುವವರು ಹದಿನಾರರ ಹುಡುಗನಿಗೆ 25 ರೂಪಾಯಿಯ ಟಿಕೆಟ್ ತೆಗೆಸಿ, ಬೀಗದ ಕೈ ಜೇಬಿನಲ್ಲೇ ಇರಲಿ, ಮೇಲೆ ಹತ್ತಿದ ಮೇಲೆ ಬಾಯಿ ಮುಚ್ಚಿ ಗೋಡೆಗೆ ಕಿವಿ ಕೊಡಿ. ಕೂಗಲೇಬೇಕೆಂಬ ಹುಕಿ ಬಂದರೆ ಅಧಿವೇಶನದ ಹೊತ್ತಿಗೆ ಬೆಳಗಾವಿಯ ಸುವರ್ಣ ವಿಧಾನಸೌಧದ ಮುಂದೆ ಹೋಗಿ ನೀರಿನ ಸಲುವಾಗಿ ಕೂಗಿ. ಅಲ್ಲಿ ಒಂದು ಸಲ ಕೇಳಿಸಬೇಕಾದರೆ ಏಳು ಸಲ ಕೂಗಬೇಕಾಗುತ್ತದೆ. ಗಂಟಲಿನ ಶಕ್ತಿಯನ್ನು ಸತ್ತ ಸುಲ್ತಾನನ ಮೇಲೆ ಖರ್ಚು ಮಾಡಬೇಡಿ.